ಓದುಗರ ಪ್ರಶ್ನೆ: ನಾಲ್ಕು ಹಾಳೆ, ಎರಡು ಪಿನ್ನು

ಪ್ರಶ್ನೆ: ನಾವು ನಾಲ್ವರು ಡಿಗ್ರಿ ಓದುತ್ತಿದ್ದೇವೆ. ಮೂವರು ಕವಿತೆ ಬರೆಯುತ್ತೇವೆ, ಒಬ್ಬಳು ಚಿತ್ರ ಬಿಡಿಸುತ್ತಾಳೆ. ಪತ್ರಿಕೆಗಳಿಗೆ ಕಳಿಸಿದರೆ ಉತ್ತರವೇ ಬರುವುದಿಲ್ಲ. ಬೆಂಗಳೂರಿನಿಂದ ಬಂದ ಗೆಳತಿ ಒಂದು ‘ಝೀನ್’ ತೋರಿಸಿದಳು. ನಾವೂ ಮಾಡಬಹುದಾ? ಎಷ್ಟು ದುಡ್ಡು ಬೇಕು?
– ಓದುಗರೊಬ್ಬರು, ತೀರ್ಥಹಳ್ಳಿ

ಖಂಡಿತ ಮಾಡಿ. ಈ ವಾರವೇ ಮಾಡಿ. ಝೀನ್ ಅಂದರೆ ನಾವೇ ಬರೆದು, ಕೈಯಾರೆ ಜೋಡಿಸಿ, ಕೆಲವೇ ಪ್ರತಿ ತೆಗೆದು ಹಂಚುವ ಪುಟ್ಟ ಪತ್ರಿಕೆ. ನಾಲ್ಕು ಎ4 ಹಾಳೆ ಮಧ್ಯಕ್ಕೆ ಮಡಚಿ, ಒಂದರೊಳಗೆ ಒಂದು ಇಡಿ. 16 ಪುಟದ ಪುಸ್ತಕ ಆಯಿತು. ಪೆನ್ಸಿಲ್‌ನಲ್ಲಿ 1ರಿಂದ 16ರವರೆಗೆ ಪುಟದ ಸಂಖ್ಯೆ ಹಾಕಿ, ಆಮೇಲೆ ಬಿಚ್ಚಿ. ಹೊರಗಿನ ಹಾಳೆಯಲ್ಲಿ 16 ಮತ್ತು 1 ಅಕ್ಕಪಕ್ಕ ಕೂತಿರುತ್ತವೆ, ಅದರ ಬೆನ್ನಿಗೆ 2 ಮತ್ತು 15. ಇದೇ ನಿಮ್ಮ ನಕ್ಷೆ. ಇದನ್ನು ನೋಡಿಕೊಂಡೇ ಕವಿತೆ, ಚಿತ್ರ ಅಂಟಿಸಿ. ಇಲ್ಲದಿದ್ದರೆ ಕವಿತೆಯ ಮೊದಲರ್ಧ ಒಂದು ಕಡೆ, ಉಳಿದರ್ಧ ಇನ್ನೆಲ್ಲೋ ಹೋಗುತ್ತದೆ.

ಕಪ್ಪು ಇಂಕಿನಲ್ಲೇ ಬರೆಯಿರಿ. ಪೆನ್ಸಿಲ್ಲಿನ ನೆರಳು ಜೆರಾಕ್ಸ್‌ನಲ್ಲಿ ಮಸಿ ಬಳಿದ ಹಾಗೆ ಕಾಣುತ್ತದೆ. ಚಿತ್ರ ಬಿಡಿಸುವ ಗೆಳತಿಗೆ ಹೇಳಿ, ನೆರಳಿನ ಬದಲು ಗೆರೆ ಎಳೆಯಲಿ, ಚುಕ್ಕಿ ಇಡಲಿ. ಅಂಚಿನಲ್ಲಿ ಒಂದು ಸೆಂಟಿಮೀಟರ್ ಖಾಲಿ ಬಿಡಿ, ಯಂತ್ರ ಅಲ್ಲಿಯವರೆಗೆ ಹೋಗುವುದಿಲ್ಲ.

ಕನ್ನಡದಲ್ಲಿ ಮಾಡುವವರು ಒತ್ತಕ್ಷರದ ಬಗ್ಗೆ ಜಾಸ್ತಿ ಎಚ್ಚರ ಇಟ್ಟುಕೊಳ್ಳಬೇಕು. ಎ4ನಲ್ಲಿ ಬರೆದು ಅಂಗಡಿಯಲ್ಲಿ ಅರ್ಧ ಹಾಳೆಯ ಅಳತೆಗೆ ಇಳಿಸಿದರೆ ಅಕ್ಷರ ಶೇಕಡಾ 71ಕ್ಕೆ ಕುಗ್ಗುತ್ತದೆ. ಇಂಗ್ಲಿಷ್ ತಡೆದುಕೊಳ್ಳುತ್ತದೆ. ನಮ್ಮ ‘ಷ್ಟ್ರ’, ‘ಸ್ತ್ರೀ’ ತಡೆದುಕೊಳ್ಳುವುದಿಲ್ಲ, ಹೊಟ್ಟೆ ತುಂಬಿ ಕಪ್ಪಾಗುತ್ತವೆ. ಅಚ್ಚಾಗುವ ಅಳತೆಯಲ್ಲೇ ಬರೆಯಿರಿ. ಸಾಲುಗಳ ನಡುವೆ ಒತ್ತಿಗೆ ಜಾಗ ಬಿಡಿ.

ಉದ್ದನೆಯ ಸ್ಟೇಪ್ಲರ್ ಬೇಕಾಗಿಲ್ಲ. ಇರುವ ಸ್ಟೇಪ್ಲರಿನ ಬಾಯಿ ಪೂರ್ತಿ ಬಿಡಿಸಿ, ಪುಸ್ತಕದ ಕೆಳಗೆ ಥರ್ಮಾಕೋಲ್ ಇಟ್ಟು, ಮಡಿಕೆಯ ಮೇಲೆ ಎರಡು ಕಡೆ ಒತ್ತಿ. ತಿರುಗಿಸಿ, ಪಿನ್ನಿನ ಕಾಲುಗಳನ್ನು ಚಮಚದಿಂದ ಮಡಚಿ. ಸೂಜಿ ದಾರವೂ ಚೆನ್ನಾಗಿರುತ್ತದೆ.

ನಮ್ಮೂರಲ್ಲಿ ಜೆರಾಕ್ಸ್ ಒಂದು ಬದಿಗೆ 2 ರೂಪಾಯಿ. ನಾಲ್ಕು ಹಾಳೆಗೆ ಎಂಟು ಬದಿ, 16 ರೂಪಾಯಿ. 50 ಪ್ರತಿಗೆ 800. ನಾಲ್ವರು ಹಂಚಿಕೊಂಡರೆ ತಲೆಗೆ 200. ಐವತ್ತಕ್ಕಿಂತ ಜಾಸ್ತಿ ಬೇಡ. ಐವತ್ತಾದರೆ ಪ್ರತಿಯೊಂದನ್ನೂ ಕೈಯಾರೆ ಕೊಡಬಹುದು, ಓದಿದವರ ಮುಖ ನೋಡಬಹುದು.

ಪ್ರಶ್ನೆ: ಈ ಝೀನ್ ಅನ್ನುವುದು ಮಹಾನಗರದ ಇಂಗ್ಲಿಷ್ ಹುಡುಗರ ಹೊಸ ಫ್ಯಾಷನ್ ಅಲ್ವಾ? ನಮಗೇಕೆ?
– ಓದುಗರೊಬ್ಬರು, ಹಾವೇರಿ

ಹೆಸರು ಅಲ್ಲಿಯದು, ಒಪ್ಪುತ್ತೇನೆ. 1976ರಲ್ಲಿ ಲಂಡನ್ನಿನಲ್ಲಿ ಮಾರ್ಕ್ ಪೆರಿ ಎಂಬ ಬ್ಯಾಂಕ್ ಗುಮಾಸ್ತ ಮಕ್ಕಳ ಟೈಪ್‌ರೈಟರಿನಲ್ಲಿ ಬಡಿದು, ಸ್ಕೆಚ್ ಪೆನ್ನಿನಲ್ಲಿ ತಲೆಬರಹ ಬರೆದು, ‘ಸ್ನಿಫಿನ್ ಗ್ಲೂ’ ಎಂಬ ಪಂಕ್ ಸಂಗೀತದ ಪತ್ರಿಕೆ ಹೊರಡಿಸಿದ. ಮೊದಲ ಸಂಚಿಕೆ ಸುಮಾರು 50 ಪ್ರತಿ. ಅದೇ ಕಾಲದಲ್ಲಿ ಸೋವಿಯತ್ ರಷ್ಯಾದಲ್ಲಿ ಸರ್ಕಾರ ಬೇಡವೆಂದ ಬರಹಗಳನ್ನು ಕಾರ್ಬನ್ ಕಾಗದ ಇಟ್ಟು ಟೈಪ್ ಮಾಡಿ ಗುಟ್ಟಾಗಿ ಹಂಚುತ್ತಿದ್ದರು. ಕೈಗೆ ಸಿಕ್ಕವರು ಮತ್ತೆ ಟೈಪ್ ಮಾಡಿ ಮುಂದೆ ದಾಟಿಸುತ್ತಿದ್ದರು. ಅದಕ್ಕೆ ಸಮಿಜ್ದಾತ್ ಎನ್ನುತ್ತಾರೆ.

ಆದರೆ ನಿಮ್ಮ ಪಕ್ಕದ ಧಾರವಾಡವನ್ನು ಮರೆಯಬೇಡಿ. ಚಂದ್ರಶೇಖರ ಪಾಟೀಲ, ಗಿರಡ್ಡಿ ಗೋವಿಂದರಾಜ, ಸಿದ್ಧಲಿಂಗ ಪಟ್ಟಣಶೆಟ್ಟಿ ಎಂಬ ಮೂವರು ಗೆಳೆಯರು 1964ರಲ್ಲಿ ‘ಸಂಕ್ರಮಣ’ ಶುರು ಮಾಡಿದ್ದು ಅಲ್ಲೇ. ಅದು ಅಚ್ಚಾದ ಪತ್ರಿಕೆ, ಝೀನ್ ಅಲ್ಲ. ಆದರೆ ಯಾರಾದರೂ ಕರೆದು ಹೇಳಲಿ ಎಂದು ಅವರು ಕಾಯಲಿಲ್ಲ.

ಇನ್ನು ಕೈಬರಹ ಪತ್ರಿಕೆ. ಅದು ನಮ್ಮ ಎಷ್ಟೋ ಶಾಲೆ, ಹಾಸ್ಟೆಲುಗಳಲ್ಲಿ ಇತ್ತು. 1978ರಲ್ಲಿ ನಮ್ಮ ಹಾಸ್ಟೆಲಿನಲ್ಲೂ ಒಂದಿತ್ತು. ಎರಡನೇ ಸಂಚಿಕೆಗೆ ನಮಗೆ ಸೈಕ್ಲೋಸ್ಟೈಲ್ ಯಂತ್ರ ಸಿಕ್ಕಿತು. ಮೇಣ ಬಳಿದ ಸ್ಟೆನ್ಸಿಲ್ ಹಾಳೆಯ ಮೇಲೆ ಕಬ್ಬಿಣದ ಮೊನೆಯಲ್ಲಿ ಕೊರೆಯಬೇಕು. ಸ್ವಲ್ಪ ಜೋರಾಗಿ ಒತ್ತಿದರೆ ‘ಠ’ದ ಹೊಟ್ಟೆಯೇ ಉದುರಿ ಬೀಳುತ್ತಿತ್ತು. ಹಿಡಿ ತಿರುಗಿಸಿ 60 ಪ್ರತಿ ತೆಗೆದೆವು. ಹಾಸ್ಟೆಲಿನ ಊಟದ ಬಗ್ಗೆ ನಾನೇ ಎರಡು ಪುಟ ಬರೆದಿದ್ದೆ. ಮಾರನೇ ದಿನ ಪ್ರತಿಗಳನ್ನು ಕಿತ್ತುಕೊಂಡರು. ಹಾಸಿಗೆ ಸುರುಳಿಗಳಲ್ಲಿ ಬಚ್ಚಿಟ್ಟ ಹನ್ನೊಂದು ಉಳಿದವು. ಆ ಹನ್ನೊಂದನ್ನು ಇಡೀ ಹಾಸ್ಟೆಲ್ ಓದಿತು. ನನ್ನ ಬಳಿ ಇರುವ ಪ್ರತಿಯ ಮೂಲೆಗಳು ಓದಿ ಓದಿ ದುಂಡಗಾಗಿವೆ. ಇದು ನಮ್ಮದಲ್ಲ ಎಂದು ಹೇಗೆ ಹೇಳಲಿ?

ಪ್ರಶ್ನೆ: ಇನ್‌ಸ್ಟಾಗ್ರಾಂ ಇರುವಾಗ ಕಾಗದ ಯಾಕೆ?
– ಓದುಗರೊಬ್ಬರು, ಮೈಸೂರು

ಎರಡೂ ಇರಲಿ. ಆದರೆ ಕಾಗದವನ್ನು ಯಾರಿಗೆ ಕೊಡಬೇಕು ಅನ್ನುವುದು ನಿಮ್ಮ ಕೈಯಲ್ಲೇ ಇರುತ್ತದೆ. ಅಲ್ಲಿ ಅದನ್ನು ಬೇರೆಯವರ ಯಂತ್ರ ನಿರ್ಧರಿಸುತ್ತದೆ.

ಪ್ರಶ್ನೆ: ನಾನು ಲೇಖಕಿಯಲ್ಲ. ತೀರಿಹೋದ ಅಮ್ಮನ ರಂಗೋಲಿ ನೋಟ್‌ಬುಕ್ ನನ್ನ ಹತ್ತಿರ ಇದೆ. ಹಾಳೆ ಕಂದಿದೆ, ನಡುನಡುವೆ ಹಾಲಿನ ಲೆಕ್ಕವೂ ಇದೆ. ಇದನ್ನು ಇಂಥ ಪುಸ್ತಕ ಮಾಡಬಹುದೇ?
– ಓದುಗರೊಬ್ಬರು, ಅರಸೀಕೆರೆ

ಈ ತಿಂಗಳು ಬಂದ ಪತ್ರಗಳಲ್ಲಿ ನನಗೆ ತುಂಬಾ ಹಿಡಿಸಿದ್ದು ನಿಮ್ಮದು. ಮೂಲ ಪುಸ್ತಕದ ಮೇಲೆ ಮಾತ್ರ ಪೆನ್ನು ಆಡಿಸಬೇಡಿ. ಜೆರಾಕ್ಸ್ ಮಾಡಿಸುವಾಗ ಪ್ರತಿ ಹಾಳೆಯ ಹಿಂದೆ ಒಂದು ಕಪ್ಪು ಕಾಗದ ಇಡಿ, ಬೆನ್ನಿನ ಗೆರೆಗಳು ಇತ್ತ ಮೂಡುವುದಿಲ್ಲ. ಯಂತ್ರವನ್ನು ಸ್ವಲ್ಪ ತಿಳಿ ಮಾಡಲು ಹೇಳಿ, ಕಂದು ಬಣ್ಣ ಹೋಗುತ್ತದೆ. ಅದರಿಂದ ಮಸುಕಾದ ಗೆರೆಗಳಿದ್ದರೆ ಆ ಪ್ರತಿಯ ಮೇಲೆ ತಿದ್ದಿ, ಅದನ್ನೇ ಮತ್ತೆ ಜೆರಾಕ್ಸ್ ಮಾಡಿಸಿ. ‘15ರಿಂದ 8, ಸಂದು ಚುಕ್ಕಿ’ ಅಂತೆಲ್ಲ ಅವರು ಬರೆದಿದ್ದರೆ ಅವರ ಅಕ್ಷರದಲ್ಲೇ ಇರಲಿ, ಟೈಪ್ ಮಾಡಿಸಬೇಡಿ. ಮೊದಲ ಪುಟದಲ್ಲಿ ಅವರ ಹೆಸರು, ಊರು, ಯಾವ ವರ್ಷಗಳ ರಂಗೋಲಿ ಎಂದು ಬರೆಯಿರಿ. ಹಾಲಿನ ಲೆಕ್ಕವನ್ನು ದಯವಿಟ್ಟು ತೆಗೆಯಬೇಡಿ. ಒಂದು ಪ್ರತಿಯನ್ನು ಪತ್ರಿಕೆಯ ವಿಳಾಸಕ್ಕೆ ಕಳಿಸಿ, ನನಗೆ ತಲುಪುತ್ತದೆ. ಜೆರಾಕ್ಸಿನ ಖರ್ಚು ಎಷ್ಟೆಂದು ಜೊತೆಗೆ ಬರೆದು ಕಳಿಸಿ.