ಎತ್ತಿಗೂ ಒಂದು ಸೋಮವಾರವಿದೆ

ರಾಜಾಜಿನಗರದಿಂದ ಬಂದ ಪತ್ರವನ್ನು ಮೂರು ಸಲ ಓದಿದೆ. ಮೂರನೆಯ ಸಲ ಸಿಟ್ಟು ಬಂತು.

ಬರೆದವರಿಗೆ ಮೂವತ್ತಾರು ವರ್ಷ, ಲೆಕ್ಕಪತ್ರ ವಿಭಾಗದಲ್ಲಿ ನೌಕರಿ. ಎದುರುಮನೆಯ ಅಡ್ವೆಂಟಿಸ್ಟ್ ಕ್ರೈಸ್ತ ಗೆಳತಿ ಶುಕ್ರವಾರ ಸೂರ್ಯ ಮುಳುಗಿದರೆ ಶನಿವಾರ ಸಂಜೆಯವರೆಗೆ ನೌಕರಿ, ವ್ಯವಹಾರ ಯಾವುದನ್ನೂ ಮುಟ್ಟುವುದಿಲ್ಲ. ‘ನನಗೂ ಅಂಥದ್ದೊಂದು ದಿನ ಬೇಕು’ ಎಂದರೆ ಗಂಡ, ‘ನಮಗೆ ತಿಂಗಳಿಗೆ ಎರಡು ಏಕಾದಶಿ ಇಲ್ಲವೇ? ಅದೇ ವಿಶ್ರಾಂತಿ’ ಎನ್ನುತ್ತಾರೆ. ಏಕಾದಶಿ ಬಂತೆಂದರೆ ಇವರಿಗೆ ತಲೆನೋವು. ಉಪವಾಸ ಬಿಟ್ಟರೆ ತಪ್ಪೇ ಎಂಬುದು ಪ್ರಶ್ನೆ.

ತಂಗಿ, ದಿನವೂ ಕಾಫಿ ಕುಡಿಯುವವರು ಒಮ್ಮೆಲೇ ಬಿಟ್ಟರೆ ತಲೆ ಸಿಡಿಯುತ್ತದೆ, ನೀರು ಕಡಿಮೆಯಾದರೂ ಅಷ್ಟೇ. ಅದನ್ನು ವೈದ್ಯರ ಹತ್ತಿರ ಕೇಳಿ. ನನ್ನನ್ನು ಕೆಣಕಿದ್ದು ಕೊನೆಯ ಪುಟದಲ್ಲಿ ನೀವು ಹಾಗೇ ಹೇಳಿ ಮುಂದೆ ಹೋದ ಮಾತು: ‘ಮೈದುನ ಉಪವಾಸ ಮಾಡುವುದಿಲ್ಲ, ಅವನಿಗೆ ಎರಡು ಹೊತ್ತು ಅಡುಗೆ ಮಾಡಿಡುತ್ತೇನೆ. ದ್ವಾದಶಿ ಪಾರಣೆಗೆ ಮೂರೂವರೆಗೆ ಏಳುವುದು ಅಭ್ಯಾಸವಾಗಿಬಿಟ್ಟಿದೆ.’

ಹಸಿದ ಹೊಟ್ಟೆಯಲ್ಲಿ ಇನ್ನೊಬ್ಬರಿಗೆ ಒಗ್ಗರಣೆ ಹಾಕುವುದು ಯಾವ ಸೀಮೆಯ ವಿಶ್ರಾಂತಿ? ನಿಮ್ಮ ಅತ್ತೆಯನ್ನು ನಾನು ಬೈಯುವುದಿಲ್ಲ. ಸೊಸೆ ಬರುವವರೆಗೆ ಆ ಮೂರೂವರೆ ಅವರದೇ ಆಗಿತ್ತು. ಗಂಡ ಯೋಚಿಸದೆ ಮಾತಾಡುವವರು, ತಿದ್ದಬಹುದು. ಆದರೆ ಮೂವತ್ತೊಂದು ವರ್ಷದ ಆ ಮೈದುನ! ಮನೆಯಿಂದಲೇ ಕೆಲಸ ಮಾಡುತ್ತಾನೆ, ಹತ್ತು ಹೆಜ್ಜೆ ಆಚೆ ಅಡುಗೆಮನೆಯಿದೆ, ಉಪವಾಸವಿದ್ದ ಅತ್ತಿಗೆ ಬಡಿಸಲಿ ಎಂದು ಕಾಯುತ್ತಾನೆ. ನಿಮ್ಮ ಏಕಾದಶಿಯನ್ನು ಕೆಡಿಸಿದವನು ಅವನು.

ಮಾಗಡಿ ಕಡೆಯ ನಮ್ಮ ಊರಿನಲ್ಲಿ ಅಪ್ಪ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುತ್ತಿರಲಿಲ್ಲ. ಅದು ಬಸವಣ್ಣನ ದಿನ. ಬಿತ್ತನೆಯ ಹದ ತಪ್ಪುವಂತಿದ್ದರೂ ಇಡುತ್ತಿರಲಿಲ್ಲ. ಎತ್ತು ಅರೆಗಣ್ಣು ಮುಚ್ಚಿ ಮೆಲುಕು ಹಾಕುತ್ತಿತ್ತು, ನೊಗ ಉಜ್ಜಿ ಕೂದಲು ಸವೆದ ಹೆಗಲ ಮೇಲೆ ನೊಣ ಕೂತರೆ ಅಷ್ಟು ಚರ್ಮವನ್ನು ಮಾತ್ರ ಅದುರಿಸುತ್ತಿತ್ತು. ಅವ್ವ ಆ ಹೊತ್ತಿಗೂ ಬೀಸುವ ಕಲ್ಲಿನ ಮುಂದೆಯೇ ಕೂತಿರುತ್ತಿದ್ದಳು. ಅದನ್ನು ನೋಡಿ ಬೆಳೆದವಳು ನಾನು. ಕೈ ಬಿಡುವಾಗದ ದಿನವನ್ನು ವ್ರತವೆಂದು ಒಪ್ಪುತ್ತೇನೆ, ವಿಶ್ರಾಂತಿಯೆಂದು ಒಪ್ಪುವುದಿಲ್ಲ.

ನಿಮ್ಮ ಗೆಳತಿಯ ಪಂಥದವರು ಕ್ಯಾಲಿಫೋರ್ನಿಯಾದಲ್ಲಿ ಉಳಿದವರಿಗಿಂತ ಹೆಚ್ಚು ಕಾಲ ಬದುಕುತ್ತಾರೆ, ಗಂಡಸರು ಸುಮಾರು ಏಳು ವರ್ಷ, ಹೆಂಗಸರು ನಾಲ್ಕು ವರ್ಷ ಹೆಚ್ಚು. ಅವರಲ್ಲಿ ಹೆಚ್ಚಿನವರು ಬೀಡಿ, ಹೆಂಡ ಮುಟ್ಟುವುದಿಲ್ಲ, ಅನೇಕರು ಸಸ್ಯಾಹಾರಿಗಳು, ಹಾಗಾಗಿ ಎಲ್ಲವನ್ನೂ ಶನಿವಾರದ ಲೆಕ್ಕಕ್ಕೆ ಬರೆಯಲಾಗದು. ದುಡಿಮೆಯ ಲೆಕ್ಕ ಮಾತ್ರ ಸ್ಪಷ್ಟ: ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಅಂದಾಜು ಶೇ 35ರಷ್ಟು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. ಅದು ಸಂಬಳದ ಗಂಟೆಗಳ ಲೆಕ್ಕ. ನಿಮ್ಮ ಒಲೆಯ ಮುಂದಿನ ಗಂಟೆಗಳನ್ನು ಅದರಲ್ಲಿ ಯಾರೂ ಕೂಡಿಸಿಲ್ಲ.

ಉಪವಾಸ ಮಾಡುವುದು ಬಿಡುವುದು ನಿಮ್ಮಿಷ್ಟ. ನಾನು ಹೇಳುವುದು ಒಂದೇ ಕೆಲಸ. ಬರುವ ದಶಮಿಯ ರಾತ್ರಿ ಮೈದುನನನ್ನು ಅಡುಗೆಮನೆಗೆ ಕರೆಯಿರಿ. ಅಕ್ಕಿ ಡಬ್ಬಿ, ಕುಕ್ಕರ್, ಅಗಸೆ ಸೊಪ್ಪು ಎಲ್ಲಿವೆ ಎಂದು ತೋರಿಸಿ. ಏಕಾದಶಿಯಂದು ಅವನ ಊಟ ಅವನದು, ದ್ವಾದಶಿಯ ಪಾರಣೆಗೆ ಸ್ನಾನ ಮಾಡಿ ಒಲೆ ಹಚ್ಚುವವನೂ ಅವನೇ ಎಂದು ಹೇಳಿ. ಆಮೇಲೆ ಮೊಬೈಲಿನಲ್ಲಿರುವ ಮೂರೂವರೆಯ ಅಲಾರಂ ಅಳಿಸಿ ಮಲಗಿ.