ಪ್ಯಾಟರ್ನ್ ಬೇರೆಯವರದು, ಚೀಲ ಮಾರಬಹುದಾ?

ಪ್ರಶ್ನೆ: ದುಡ್ಡು ಕೊಟ್ಟು ತರಿಸಿಕೊಂಡ ಪ್ಯಾಟರ್ನ್ (ಬಟ್ಟೆ ಕತ್ತರಿಸುವ ಅಳತೆಯ ನಕ್ಷೆ) ಇಟ್ಟುಕೊಂಡು ಕೈಚೀಲ ಹೊಲಿಯುತ್ತಿದ್ದೇನೆ. ಶಿವಮೊಗ್ಗದ ಕರಕುಶಲ ಮೇಳದಲ್ಲಿ ಮಳಿಗೆ ಹಾಕುವ ಆಸೆ. ಒಂದು ಚೀಲಕ್ಕೆ ಸಾಮಾನಿನ ಖರ್ಚೇ 130 ರೂಪಾಯಿ, 3 ಗಂಟೆ ಕೆಲಸ. 200ಕ್ಕೆ ಮಾರೋಣ ಅಂತಿದ್ದೇನೆ. ಆದರೆ ಪ್ಯಾಟರ್ನಿನ ಕೊನೆಯಲ್ಲಿ ‘ಸ್ವಂತ ಬಳಕೆಗೆ ಮಾತ್ರ’ ಅಂತ ಇದೆ. ಮಾರಿದರೆ ತಪ್ಪಾ?
— ಓದುಗರೊಬ್ಬರು, ಸಾಗರ

ಉತ್ತರ: ಪ್ಯಾಟರ್ನಿನ ಚಿತ್ರ, ಬರಹ ಎರಡೂ ಮಾಡಿದವರ ಸ್ವತ್ತು. 1957ರ ಕೃತಿಸ್ವಾಮ್ಯ ಕಾಯ್ದೆ ಅದನ್ನು ಕಾಯುತ್ತದೆ, ಹಾಗಾಗಿ ಜೆರಾಕ್ಸ್ ಮಾಡಿ ಗೆಳತಿಯರಿಗೆ ಹಂಚಬೇಡಿ. ಹೊಲಿದ ಚೀಲದ ಮೇಲೆ ಅವರ ಹಕ್ಕು ಎಷ್ಟು ಅನ್ನುವುದು ವಕೀಲರ ಚರ್ಚೆ. ಆದರೆ ಆ ಸಾಲು ಓದಿಯೂ ಓದದ ಹಾಗೆ ಇರುವುದು ನನಗೆ ಸರಿ ಕಾಣುವುದಿಲ್ಲ. ಅವರೂ ನಿಮ್ಮ ಹಾಗೇ ರಾತ್ರಿ ಕೂತು, ನಾಲ್ಕು ಸಲ ಬಟ್ಟೆ ಹಾಳುಮಾಡಿಕೊಂಡು ಅಳತೆ ತಿದ್ದಿದವರು ಅಲ್ವಾ? ಎರಡು ಸಾಲು ಬರೆದು ಕೇಳಿ. ಒಪ್ಪಿದರೆ ಚೀಲದ ಚೀಟಿಯಲ್ಲಿ ಅವರ ಹೆಸರು ಹಾಕಿ.

ಬೇಡ ಅಂದರೂ ಚಿಂತೆ ಇಲ್ಲ. ಎರಡು ಹಿಡಿಕೆಯ ಸಾದಾ ಚೀಲ ಯಾರೊಬ್ಬರದೂ ಅಲ್ಲ. ಹಳೇ ಪೇಪರ್ ಮೇಲೆ ನೀವೇ ಗೆರೆ ಎಳೆಯಿರಿ. ಸುತ್ತ ಅರ್ಧ ಇಂಚು ಹೊಲಿಗೆಗೆ ಬಿಡಿ. ಎರಡೂ ತುಂಡುಗಳ ಕೆಳಗಿನ ಮೂಲೆಗಳಲ್ಲಿ 2 ಇಂಚಿನ ಚೌಕ ಕತ್ತರಿಸಿ ತೆಗೆದರೆ, ಹೊಲಿದ ಮೇಲೆ 4 ಇಂಚು ಅಗಲದ ತಳ ಸಿಗುತ್ತದೆ. ಹಿಡಿಕೆ ಸೇರುವ ಕಡೆ ಚೌಕ ಹೊಲಿಗೆ ಹಾಕಿ, ಒಳಗೆ ಮೂಲೆಯಿಂದ ಮೂಲೆಗೆ ಎರಡು ಗೆರೆ. ಚೀಲ ಕಿತ್ತುಹೋಗುವುದು ಅಲ್ಲೇ.

ನನಗೆ ನಿಜವಾಗಿ ಸಂಕಟ ಆಗಿದ್ದು ನಿಮ್ಮ 200 ರೂಪಾಯಿ ನೋಡಿ. ಸಾಮಾನಿನ ಖರ್ಚು ಕಳೆದರೆ ಉಳಿಯುವುದು 70, ಅಂದರೆ ಗಂಟೆಗೆ 24 ರೂಪಾಯಿ ಕೂಡ ಬೀಳಲಿಲ್ಲ, ಮಳಿಗೆ ಬಾಡಿಗೆ, ಸಾಗರದಿಂದ ಮೂಟೆ ಸಾಗಿಸಿದ್ದು, ಕೆಟ್ಟುಹೋದ ಚೀಲ, ಎಲ್ಲ ಅದರಲ್ಲೇ ಹೋಗಬೇಕು. ಗಂಟೆಗೆ ಬರೀ 60 ಹಿಡಿದರೂ 310 ಆಗುತ್ತದೆ. 350ರ ಕೆಳಗೆ ಇಳಿಯಬೇಡಿ. ‘ಮನೇಲಿ ಸುಮ್ನೆ ಕೂತು ಹೊಲಿದಿದ್ದು ತಾನೇ’ ಅಂತ ಚೌಕಾಸಿ ಮಾಡುವವರು ಬಂದೇ ಬರುತ್ತಾರೆ. 3 ಗಂಟೆ ಹಿಡಿಯುತ್ತದೆ ಅಂತ ಮುಖ ನೋಡಿ ಹೇಳಿ.

ಆ ಬೆಲೆಗೆ ತಕ್ಕ ಬಟ್ಟೆಯೂ ನಿಮ್ಮ ಹತ್ತಿರವೇ ಇದೆ. ಹೆಗ್ಗೋಡಿನ ಪಕ್ಕದ ಭೀಮನಕೋಣೆಯಲ್ಲಿ ‘ಚರಕ’ ಅನ್ನುವ ಮಹಿಳಾ ಸಹಕಾರ ಸಂಘದ ಹೆಂಗಸರು ನೈಸರ್ಗಿಕ ಬಣ್ಣದ ಕೈಮಗ್ಗದ ಬಟ್ಟೆ ಮಾಡುತ್ತಾರೆ. ಕತ್ತರಿಸುವ ಮೊದಲು ಒಮ್ಮೆ ನೆನೆಸಿ ಒಣಗಿಸಿ, ಹತ್ತಿ ಬಟ್ಟೆ ಕುಗ್ಗುತ್ತದೆ. ಮಳೆಗಾಲದಲ್ಲಿ ಹೊಲಿದದ್ದನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಡಬೇಡಿ. ನಮ್ಮ ಕಡೆಯ ಥಂಡಿಗೆ ಬೂಷ್ಟು ಹಿಡಿದುಬಿಡುತ್ತದೆ.