ಗುಳಿಗೆ ಸಿಕ್ಕಿತು, ಆಪರೇಷನ್ ಯಾಕೆ ಸಿಗುತ್ತಿಲ್ಲ?

ಯಾದಗಿರಿ ಜಿಲ್ಲೆಯ ಓದುಗರೊಬ್ಬರು ಬರೆದಿದ್ದಾರೆ: ‘ನಮ್ಮ ಅತ್ತಿಗೆ ಹಲವು ವರ್ಷಗಳಿಂದ ಎಚ್‌ಐವಿಗೆ ಗುಳಿಗೆ ತಗೊಳ್ಳುತ್ತಿದ್ದಾರೆ. ಆರಾಮ ಇದ್ದರು. ಈಗ ಗರ್ಭಕೋಶದಲ್ಲಿ ಗಡ್ಡೆ, ರಕ್ತಸ್ರಾವ ಜಾಸ್ತಿ. ಆಪರೇಷನ್‌ಗೆ ಒಪ್ಪಿದ್ದ ಖಾಸಗಿ ದವಾಖಾನೆ ರಕ್ತ ಪರೀಕ್ಷೆ ಮುಗಿದ ಮೇಲೆ ಕಲಬುರಗಿಗೆ ಒಯ್ಯಿರಿ ಎಂದಿತು. ಕಲಬುರಗಿಯಲ್ಲಿ ಒಂದು ಕಡೆ ದುಪ್ಪಟ್ಟು ಹಣ ಕೇಳಿದರು. ಹೀಗೆ ಮಾಡಬಹುದಾ? ದೂರು ಕೊಟ್ಟರೆ ಊರಿಗೆಲ್ಲ ಗೊತ್ತಾಗುತ್ತದಲ್ವಾ?’

ಸಂಪಾದಕರ ಉತ್ತರ:

ಮಾಡುವಂತಿಲ್ಲ. 2017ರ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಸೋಂಕಿದೆ ಎಂದು ಚಿಕಿತ್ಸೆ ನಿರಾಕರಿಸುವುದು, ನಡುವೆ ಕೈಬಿಡುವುದು, ಬೇರೆ ರೀತಿ ನಡೆಸಿಕೊಳ್ಳುವುದು ತಪ್ಪು ಎಂದು ಅದು ಹೇಳುತ್ತದೆ. ಒಪ್ಪಿಗೆ ಇಲ್ಲದೆ ಎಚ್‌ಐವಿ ಪರೀಕ್ಷೆ ಮಾಡುವಂತೆಯೂ ಇಲ್ಲ.

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಬೇರೆ. 2004ರಲ್ಲಿ ಸರ್ಕಾರ ಉಚಿತ ಎಆರ್‌ಟಿ (ಎಚ್‌ಐವಿಯನ್ನು ಹಿಡಿತದಲ್ಲಿಡುವ ಗುಳಿಗೆಗಳ ಚಿಕಿತ್ಸೆ) ಶುರು ಮಾಡಿತು. 2017ರಿಂದ ಸಿಡಿ4 (ರೋಗ ತಡೆಯುವ ರಕ್ತಕಣಗಳ ಎಣಿಕೆ) ಎಷ್ಟೇ ಇರಲಿ, ಸೋಂಕು ಗೊತ್ತಾದ ಕೂಡಲೇ ಗುಳಿಗೆ ಕೊಡಬೇಕು ಎಂದಾಯಿತು. ಬೆಂಗಳೂರಿನಲ್ಲಿ ಕೊಡುವ ಗುಳಿಗೆಯನ್ನೇ ಯಾದಗಿರಿಯಲ್ಲೂ ಕೊಡುತ್ತಾರೆ. ಇದು ದೊಡ್ಡ ಗೆಲುವು. ಅದರಿಂದಲೇ ಜನ ಬದುಕಿದ್ದಾರೆ, ವಯಸ್ಸಾಗುತ್ತಿದ್ದಾರೆ. ವಯಸ್ಸಾದ ಮೇಲೆ ಎಲ್ಲರಿಗೂ ಬರುವ ಶುಗರ್, ಬಿಪಿ, ಕಣ್ಣಿನ ಪೊರೆ, ಗರ್ಭಕೋಶದ ತೊಂದರೆ ಅವರಿಗೂ ಬರುತ್ತವೆ. ಭೇದ ಶುರುವಾಗುವುದು ಅಲ್ಲಿಂದ, ಎಆರ್‌ಟಿ ಸೆಂಟರಿನ ಹೊರಗೆ. ದೊಡ್ಡ ಊರಲ್ಲಿ ಒಬ್ಬ ಡಾಕ್ಟರು ಒಲ್ಲೆ ಎಂದರೆ ಇನ್ನೊಬ್ಬರನ್ನು ಹುಡುಕಬಹುದು. ನಮ್ಮ ಕಡೆ ಒಲ್ಲೆ ಎಂದರೆ ಕಲಬುರಗಿ, ಅಲ್ಲೂ ಆಗದಿದ್ದರೆ ಸೊಲ್ಲಾಪುರ ಇಲ್ಲವೇ ಹೈದರಾಬಾದ್. ರೋಗಿಯ ಕೂಲಿ ಹೋಯಿತು, ಜೊತೆಗೆ ಬಂದವರ ಕೂಲಿಯೂ ಹೋಯಿತು. ಯಾಕೆ ಹೋದಿರಿ ಎಂದು ಓಣಿಯವರು ಕೇಳಿದರೆ ಹೇಳಲು ಒಂದು ಸುಳ್ಳೂ ಬೇಕು.

ಡಾಕ್ಟರ ಭಯ ಸುಳ್ಳಲ್ಲ. ಸೂಜಿ ಚುಚ್ಚಬಹುದು. ಆದರೆ ಸೋಂಕಿತರಿಗೆ ಬಳಸಿದ ಸೂಜಿ ಚುಚ್ಚಿದರೆ ಎಚ್‌ಐವಿ ಅಂಟುವ ಸಾಧ್ಯತೆ ಸುಮಾರು 1000ಕ್ಕೆ 3. ವೈರಲ್ ಲೋಡ್, ಅಂದರೆ ರಕ್ತದಲ್ಲಿನ ವೈರಸ್ ಪ್ರಮಾಣ, ಹಿಡಿತದಲ್ಲಿದ್ದರೆ ಅದಕ್ಕಿಂತಲೂ ಕಡಿಮೆ. ಹೆಪಟೈಟಿಸ್ ಬಿ ಇದಕ್ಕಿಂತ ಎಷ್ಟೋ ಸುಲಭವಾಗಿ ಅಂಟುತ್ತದೆ. ಚುಚ್ಚಿದರೂ 72 ಗಂಟೆಯೊಳಗೆ ಶುರು ಮಾಡಿ 28 ದಿನ ತಗೊಳ್ಳುವ ಔಷಧಿ ಇದೆ. ಗ್ಲೌಸು, ಕನ್ನಡಕ, ಎಚ್ಚರಿಕೆ ಪ್ರತಿ ಆಪರೇಷನ್‌ಗೂ ಬೇಕಾದವು, ಯಾಕೆಂದರೆ ಪರೀಕ್ಷೆಯನ್ನೇ ಮಾಡಿಸದವರೂ ಆ ಟೇಬಲ್ ಮೇಲೆ ಮಲಗುತ್ತಾರೆ. ಹಾಗಿದ್ದ ಮೇಲೆ ನಿಮ್ಮ ಅತ್ತಿಗೆಯಿಂದ ದುಪ್ಪಟ್ಟು ಕೇಳುವುದಕ್ಕೆ ಯಾವ ನ್ಯಾಯವೂ ಇಲ್ಲ.

ಹೀಗೆ ಅಟ್ಟಿಸಿಕೊಂಡವರು ಮುಂದಿನ ಡಾಕ್ಟರಿಗೆ ವಿಷಯ ಹೇಳುವುದನ್ನೇ ಬಿಡುತ್ತಾರೆ. ಅದರಿಂದ ಅಪಾಯವಿದೆ. ರಕ್ತ ಕಡಿಮೆ ಎಂದು ಕಬ್ಬಿಣದ ಗುಳಿಗೆ ಬರೆದುಕೊಡುತ್ತಾರೆ ಅಂದುಕೊಳ್ಳಿ. ಈಗಿನ ಎಆರ್‌ಟಿ ಗುಳಿಗೆಯಲ್ಲಿ ಸಾಮಾನ್ಯವಾಗಿ ಡೊಲುಟೆಗ್ರಾವಿರ್ ಎಂಬ ಔಷಧಿ ಇರುತ್ತದೆ. ಎರಡನ್ನೂ ಬರಿಹೊಟ್ಟೆಯಲ್ಲಿ ಒಟ್ಟಿಗೆ ನುಂಗಿದರೆ ಡೊಲುಟೆಗ್ರಾವಿರ್ ಮೈಗೆ ಸರಿಯಾಗಿ ಹತ್ತುವುದಿಲ್ಲ. ಕ್ಯಾಲ್ಸಿಯಂ ಗುಳಿಗೆಯದೂ ಇದೇ ಕಥೆ. ಅತ್ತಿಗೆಯವರು ಇವನ್ನು ತಗೊಳ್ಳುತ್ತಿದ್ದರೆ ಯಾವುದನ್ನು ಯಾವ ಹೊತ್ತಿಗೆ ಎಂದು ಎಆರ್‌ಟಿ ಸೆಂಟರಿನಲ್ಲಿ ಇವತ್ತೇ ಕೇಳಿ. ಗರ್ಭಕೊರಳಿನ ಕ್ಯಾನ್ಸರ್ ಪರೀಕ್ಷೆ ಆಗಿದೆಯಾ ಎಂದೂ ವಿಚಾರಿಸಿ. ಎಚ್‌ಐವಿ ಇರುವ ಹೆಂಗಸರಲ್ಲಿ ಆ ಕ್ಯಾನ್ಸರ್ ಬರುವ ಸಾಧ್ಯತೆ ಸುಮಾರು 6 ಪಟ್ಟು ಹೆಚ್ಚು.

ಇನ್ನು ದೂರು. ನಿಮ್ಮ ಅಂಜಿಕೆ ಅರ್ಥವಾಗುತ್ತದೆ. ಒಪ್ಪಿಗೆ ಇಲ್ಲದೆ ಸೋಂಕಿನ ವಿಷಯ ಬಯಲು ಮಾಡುವುದನ್ನೂ ಆ ಕಾಯ್ದೆ ತಡೆಯುತ್ತದೆ. ಕೋರ್ಟಿಗೆ ಹೋದರೂ ಹೆಸರು ಮರೆಮಾಚಿ ವಿಚಾರಣೆ ನಡೆಸಿ ಎಂದು ಕೇಳಬಹುದು. 20 ಅಥವಾ ಹೆಚ್ಚು ಜನ ಕೆಲಸ ಮಾಡುವ ದವಾಖಾನೆಯಲ್ಲಿ ದೂರು ಅಧಿಕಾರಿ ಇರಬೇಕು. ಅದರ ಮೇಲೆ, ರಾಜ್ಯ ನೇಮಿಸುವ ಓಂಬುಡ್ಸ್‌ಮನ್ (ಇಂಥ ದೂರು ವಿಚಾರಿಸುವ ಅಧಿಕಾರಿ) 30 ದಿನದಲ್ಲಿ ಆದೇಶ ಕೊಡಬೇಕು. ತುರ್ತು ಚಿಕಿತ್ಸೆಯಾದರೆ ಸಾಧ್ಯವಾದಷ್ಟು 24 ಗಂಟೆಯಲ್ಲಿ.

ಆದರೆ ಮೊದಲು ಆಪರೇಷನ್ ಆಗಲಿ. ಎಆರ್‌ಟಿ ಸೆಂಟರಿನ ಕೌನ್ಸಿಲರ್‌ಗೆ ನಡೆದದ್ದನ್ನೆಲ್ಲ ಹೇಳಿ, ಇತ್ತೀಚಿನ ವೈರಲ್ ಲೋಡ್ ವರದಿ ತೋರಿಸಿ, ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಪತ್ರ ಕೇಳಿ. ಮಾಹಿತಿಗೆ 1097ಕ್ಕೆ ಉಚಿತವಾಗಿ ಫೋನ್ ಮಾಡಬಹುದು. ‘ಒಯ್ಯಿರಿ’ ಎಂದವರಿಂದ ಕಾರಣ ಬರೆದ ರೆಫರಲ್ ಚೀಟಿ ಇಸಿದುಕೊಳ್ಳಿ. ದೂರಿಗೆ ಅದೇ ಸಾಕ್ಷಿ. ನಿಮ್ಮ ಹೆಸರು, ಊರು ಇಲ್ಲಿ ಹಾಕಿಲ್ಲ. ಆಪರೇಷನ್ ದಿನ ಗೊತ್ತಾದ ಮೇಲೆ ಒಂದು ಸಾಲು ಬರೆಯಿರಿ.